ಕೋಟನೂರಿನ ತೀರ್ಪು

ರೆಫರಿ ಪರೀಕ್ಷೆಗೆ ಕೂತ ಇಪ್ಪತ್ತೇಳು ಜನರಲ್ಲಿ ಹೆಂಗಸು ಅಂತ ಇದ್ದವಳು ಕಸ್ತೂರಿಬಾಯಿ ಒಬ್ಬಳೇ. ಅದು ೧೯೮೮ನೇ ಇಸವಿ. ಕಲಬುರಗಿಯ ಒಂದು ಶಾಲೆಯಲ್ಲಿ ಬೆಳಿಗ್ಗೆ ಬರವಣಿಗೆ, ಮಧ್ಯಾಹ್ನ ಮೈದಾನದಲ್ಲಿ ಸೀಟಿ ಹಿಡಿದು ಪ್ರಾಯೋಗಿಕ ಪರೀಕ್ಷೆ. ಬೆಂಚಿಗೆ ಇಬ್ಬರಂತೆ ಕೂಡಿಸಿದ್ದರು. ಅವಳ ಬೆಂಚಿನ ಇನ್ನೊಂದು ತುದಿಗೆ ಯಾರೂ ಬಂದು ಕೂಡಲಿಲ್ಲ. ಇಪ್ಪತ್ತೇಳು ಬೆಸಸಂಖ್ಯೆಯಲ್ಲವೇ, ಯಾರಾದರೂ ಒಬ್ಬರು ಉಳಿಯಲೇಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಫಲಿತಾಂಶ ಬಂದಾಗ ಪಟ್ಟಿಯಲ್ಲಿ ಅವಳ ಹೆಸರು ಎರಡನೆಯದಾಗಿತ್ತು.

ಕಸ್ತೂರಿಬಾಯಿ ಕಮಲಾಪುರದ ದೌಲಪ್ಪನ ಮಗಳು. ದೌಲಪ್ಪನದು ಕೆಂಬಾಳೆಯ ತೋಟ. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವಾಗ ಅವಳು ಹುಡುಗಿಯರ ಕಬಡ್ಡಿ ತಂಡದ ನಾಯಕಿಯಾಗಿದ್ದಳು. ಜಿಲ್ಲೆಯಲ್ಲಿ ಅವರನ್ನು ಸೋಲಿಸುವವರೇ ಇರಲಿಲ್ಲ. ಮುಂದೆ ಮೂರು ವರ್ಷದೊಳಗೆ ತಂಡದ ಏಳು ಜನರಲ್ಲಿ ಆರು ಜನರ ಲಗ್ನವಾಯಿತು. ಕಸ್ತೂರಿ ಒಬ್ಬೊಬ್ಬಳ ಲಗ್ನಕ್ಕೂ ಹೋಗಿ ಅಕ್ಷತೆ ಹಾಕಿ ಬಂದಳು. ಆ ಆರು ಜನರಲ್ಲಿ ಒಬ್ಬಳೂ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಕಸ್ತೂರಿಗೂ ವರಗಳು ಬಂದವು. ಒಬ್ಬರ ಮನೆಯವರು ಆಟ ಬಿಡಬೇಕು ಅಂದರು, ಇನ್ನೊಬ್ಬರು ನೌಕರಿಯನ್ನೂ ಬಿಡಬೇಕು ಅಂದರು. ಅವಳು ಎರಡಕ್ಕೂ ಒಪ್ಪಲಿಲ್ಲ. ಬರುಬರುತ್ತಾ ಕೇಳುವವರೇ ಇಲ್ಲವಾದರು. ದೌಲಪ್ಪ ತೀರಿಕೊಂಡ ಮೇಲೆ ತೋಟ ಅಣ್ಣನ ಪಾಲಿಗೆ ಹೋಯಿತು. ಕಮಲಾಪುರದ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದ ಅವಳು ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದಳು.

ಆಡುವುದಕ್ಕಾದರೆ ಏಳು ಜನ ಬೇಕು, ಸೀಟಿ ಊದುವುದಕ್ಕೆ ಒಬ್ಬಳು ಸಾಕು ಅನ್ನಿಸಿ ಅವಳು ಆ ಪರೀಕ್ಷೆಗೆ ಕೂತಿದ್ದಳು.

ಆ ದಾರಿ ತೋರಿಸಿದವರು ಅಣವೀರಪ್ಪ ಮಾಸ್ತರು. ಸೇಡಂ ರಸ್ತೆಯಲ್ಲಿ ಅವರ ಮನೆ. ಇಡೀ ಜಿಲ್ಲೆಗೆ ಹಿರಿಯ ರೆಫರಿ. ಅವಳು ಕಾಲೇಜಿನಲ್ಲಿ ಆಡುತ್ತಿದ್ದಾಗಿನಿಂದ ಬಲ್ಲವರು.

"ಕಸ್ತೂರಿ, ಕಣ್ಣ ಚುರುಕ ಇದ್ದವರು ಭಾಳ ಮಂದಿ ಅದಾರ. ಕಬಡ್ಡಿಗಿ ಕಿವಿ ಬೇಕು. ನಿನ್ನ ಕಿವಿ ಛಲೋ ಅದ," ಎನ್ನುತ್ತಿದ್ದರು.

ಎದುರಾಳಿಯ ಅಂಗಳಕ್ಕೆ ಹೋದವನು ಮರಳಿ ಬರುವ ತನಕ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು. ಅದನ್ನು ನಮ್ಮ ಕಡೆ ದಮ್ಮು ಎನ್ನುತ್ತಾರೆ. ದಮ್ಮು ಎಲ್ಲಿ ಕಡಿಯಿತು ಎನ್ನುವುದು ಕಣ್ಣಿಗೆ ಕಾಣುವುದಿಲ್ಲ. ಸಾವಿರ ಜನರ ಕೂಗಾಟದ ನಡುವೆ ಒಬ್ಬನ ಉಸಿರನ್ನು ಬೇರೆ ಮಾಡಿ ಕೇಳಬೇಕು. ಕಸ್ತೂರಿಬಾಯಿಗೆ ಅದು ಸಹಜವಾಗಿ ಬಂದಿತ್ತು.

ಆದರೆ ರೆಫರಿಯ ಕಾರ್ಡು ಕೈಗೆ ಬಂದ ಮೇಲೂ ಮೂರು ವರ್ಷ ಅವಳು ಅಂಕ ಬರೆಯುವ ಮೇಜಿನ ಮುಂದೆಯೇ ಕೂತಳು. ಹುಡುಗಿಯರ ಪಂದ್ಯಗಳಿಗೆ ಸೀಟಿ ಕೊಡುತ್ತಿದ್ದರು. ಅವು ನಡೆಯುತ್ತಿದ್ದದ್ದು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ. ನೋಡುವುದಕ್ಕೆ ಶಾಮಿಯಾನ ಕಟ್ಟುವವರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಸಂಜೆ ಗಂಡಸರ ಪಂದ್ಯ ಶುರುವಾಗುವ ಹೊತ್ತಿಗೆ ಅವಳಿಗೆ ಪೆನ್ನು ಮತ್ತು ಹಾಳೆ.

"ಗಂಡಸರ ಮ್ಯಾಚ್‌ದಾಗ ಜಗಳ ಆಗ್ತಾವ ಬಾಯಾರ. ನಿಮ್ಮ ಮ್ಯಾಲಿನ ಕಾಳಜಿಗಿ ಹೇಳಾಕತ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ," ಎನ್ನುತ್ತಿದ್ದರು ಜಿಲ್ಲಾ ಕಬಡ್ಡಿ ಮಂಡಳಿಯ ಕಾರ್ಯದರ್ಶಿ.

ಪಂದ್ಯವಿದ್ದ ದಿನ ಅವಳು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಗಂಡಸರು ಬೇಲಿಯ ಮರೆಗೆ ಹೋಗಿ ಬರುತ್ತಿದ್ದರು. ಅವಳಿಗೆ ಯಾವ ಮೈದಾನದಲ್ಲೂ ಅಂಥ ಜಾಗವಿರಲಿಲ್ಲ. ಅದನ್ನು ಯಾರ ಹತ್ತಿರ ಹೇಳುವುದು? ತುಟಿ ಒಣಗಿಸಿಕೊಂಡು ಅಂಕ ಬರೆದು, ಕಮಲಾಪುರದ ಬಸ್ಸು ಹತ್ತಿ, ಮನೆಗೆ ಬಂದು ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು.

ಒಮ್ಮೆ ಕಾರ್ಯದರ್ಶಿಗಳು, "ಸೀರಿ ಉಟ್ಕೊಂಡ ಅಂಗಳದಾಗ ಹ್ಯಾಂಗ ಓಡ್ತೀರಿ? ರೆಫರಿಗಿ ಬಿಳಿ ಪ್ಯಾಂಟ್ ಅಂತ ನಿಯಮನೇ ಅದ," ಅಂದರು. ಅವಳು ಮರುದಿನವೇ ಸ್ಟೇಶನ್ ಬಜಾರಿಗೆ ಹೋದಳು. ಎರಡು ಅಂಗಡಿಯವರು ನಕ್ಕು ಕಳಿಸಿದರು. ಮೂರನೆಯವರು ಬುರ್ಹಾನುದ್ದೀನ್ ಅಂತ ಮುದುಕರು. ಕನ್ನಡಕ ಹಣೆಗೆ ಏರಿಸಿ ಅವಳ ಮಾತು ಪೂರ್ತಿ ಕೇಳಿದರು.

"ಅಮ್ಮಾ, ಮೂವತ್ತ ವರ್ಸ ಆತು ಪ್ಯಾಂಟ್ ಹೊಲಿಯಾಕತ್ತು. ಜನಾನಿ ಪ್ಯಾಂಟ್ ಇದೇ ಪಹಿಲಾ. ನಾಪ್, ಅಂದ್ರ ಅಳತಿ, ನೀವೇ ಮನ್ಯಾಗ ತಗೊಂಡು ಬರ್ಕೊಂಡ ಬರ್ರಿ. ಹೊಲಿಯೋ ಜಿಮ್ಮೇದಾರಿ ನಂದು."

ಅವರು ಹೊಲಿದುಕೊಟ್ಟ ಪ್ಯಾಂಟು ಸರಿಯಾಗಿಯೇ ಕೂತಿತು. ಅದನ್ನು ತೊಟ್ಟು ಅವಳು ಇನ್ನೂ ಒಂದು ವರ್ಷ ಮೇಜಿನ ಮುಂದೆ ಕೂತಳು.

೧೯೯೧ರ ಡಿಸೆಂಬರಿನಲ್ಲಿ ಕೋಟನೂರಿನಲ್ಲಿ ಗಂಡಸರ ಪಂದ್ಯಾವಳಿ ನಡೆಯಿತು. ಆಗ ಕೋಟನೂರು ಇನ್ನೂ ಕಲಬುರಗಿಯೊಳಗೆ ಸೇರದೆ ಬೇರೆ ಊರಾಗಿಯೇ ಇತ್ತು. ತೊಗರಿ ಹೊಲದ ಪಕ್ಕದ ಬಯಲಿನಲ್ಲಿ ಅಂಗಳ ಹಾಕಿ ಸುತ್ತಲೂ ಹಗ್ಗ ಕಟ್ಟಿದ್ದರು. ಫೈನಲ್ಲಿಗೆ ಊರಿನ ತಂಡವೇ ಬಂದಿದ್ದರಿಂದ ಎರಡು ಸಾವಿರ ಜನ ಸೇರಿದ್ದರು. ಪಂದ್ಯಕ್ಕೆ ಅರ್ಧ ಗಂಟೆಯಿರುವಾಗ ಸುದ್ದಿ ಬಂತು: ಇಬ್ಬರು ಅಂಪೈರರಲ್ಲಿ ಒಬ್ಬರು ಬರುವ ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದಾರೆ.

ಕಾರ್ಯದರ್ಶಿಗಳು ಅತ್ತಿತ್ತ ನೋಡಿದರು. ಆ ಪಂದ್ಯಕ್ಕೆ ರೆಫರಿಯಾಗಿದ್ದ ಅಣವೀರಪ್ಪ ಮಾಸ್ತರು, "ಕಸ್ತೂರಿಬಾಯಿ ಇದ್ದಾಳಲ್ರಿ. ಕಾರ್ಡ್ ಅದ, ಡ್ರೆಸ್ ಸೈತ ಹಾಕ್ಕೊಂಡಾಳ," ಅಂದರು.

"ಏನರ ಆದ್ರ?"

"ಆದ್ರ ನಾ ಇದ್ದೀನಲ್ಲ."

ಅವಳು ಅಂಗಳಕ್ಕೆ ಇಳಿದಾಗ ಜನ ಮೊದಲು ಸುಮ್ಮನಾದರು. ಆಮೇಲೆ ಹಗ್ಗದ ಆಚೆಯಿಂದ ಒಬ್ಬ, "ಏ ಬಾಯಿ, ಪ್ಯಾಂಟ್ ಯಾರದು?" ಎಂದು ಕೂಗಿದ. ಎಲ್ಲರೂ ನಕ್ಕರು. ಅವಳು ಆ ಕಡೆ ತಿರುಗಲಿಲ್ಲ. ಸೀಟಿ ಊದಿದ ಮೇಲೆ ಜನವೂ ಕಾಣಲಿಲ್ಲ, ನಗೆಯೂ ಕೇಳಲಿಲ್ಲ. ಗೆರೆಗಳು, ಪಾದಗಳು, ಉಸಿರು, ಇಷ್ಟೇ ಇದ್ದವು. ಮೂವತ್ತೊಂಬತ್ತು ನಿಮಿಷ ಅವಳ ಒಂದು ತೀರ್ಪಿಗೂ ಯಾರೂ ತಕರಾರು ಮಾಡಲಿಲ್ಲ. ಬದುಕಿನಲ್ಲಿ ಅಷ್ಟು ಹಗುರವಾಗಿ ಅವಳು ಎಂದೂ ಓಡಿರಲಿಲ್ಲ.

ಕೊನೆಯ ನಿಮಿಷ. ಸೇಡಂ ತಂಡ ಒಂದು ಅಂಕ ಮುಂದಿತ್ತು. ಕೋಟನೂರಿನ ಖಂಡೆಪ್ಪ ಕೊನೆಯ ದಾಳಿಗೆ ಹೋದ. ಇಪ್ಪತ್ತೆರಡರ ಹುಡುಗ, ಬಡಕಲು, ಆದರೆ ಮೀನಿನಂತೆ ನುಣುಚುವವನು. ಇಬ್ಬರನ್ನು ಮುಟ್ಟಿದ. ಮೂರನೆಯವನು ಕಾಲು ಹಿಡಿದ. ಕೊಸರಿಕೊಂಡು ನಡುಗೆರೆಯ ಕಡೆ ಹಾರಿದ. ಕಸ್ತೂರಿಬಾಯಿ ಅವನಿಂದ ಒಂದು ಮಾರಿನ ದೂರದಲ್ಲಿ ಬಾಗಿ ನಿಂತಿದ್ದಳು. "ಕಬಡ್ಡಿ ಕಬಡ್ಡಿ ಕಬ..." ಅಲ್ಲಿಗೆ ಕಡಿಯಿತು. ಒಂದು ಗುಟುಕು. ಒಳಗೆ ಎಳೆದ ಹೊಸ ಉಸಿರು. ಆಮೇಲೆ ಮತ್ತೆ "ಕಬಡ್ಡಿ". ಅವನ ಕೈ ಗೆರೆ ಮುಟ್ಟಿದ್ದು ಅದಾದ ಮೇಲೆ.

ಅವಳು ಸೀಟಿ ಊದಿ ಕೈ ಎತ್ತಿದಳು. "ದಮ್ಮು ಹೋಗ್ಯದ. ಔಟ್."

ಮರುಕ್ಷಣ ಹಗ್ಗ ಕಿತ್ತುಕೊಂಡು ಜನ ಒಳಗೆ ನುಗ್ಗಿದರು. "ಹೆಣ್ಮಗಳಿಗಿ ಗಂಡಸರ ದಮ್ಮಿನ ಮಾತು ಏನ್ ತಿಳೀತದ?" ಎಂದು ಯಾರೋ ಕಿರುಚಿದರು. ಅವಳ ಭುಜಕ್ಕೆ ಮಣ್ಣಿನ ಹೆಂಟೆಯೊಂದು ಬಂದು ಬಡಿಯಿತು. ಎದುರು ಬದಿಯ ಅಂಪೈರ್ ತನಗೆ ಏನೂ ಕೇಳಿಸಲಿಲ್ಲ ಅಂದ. ಇಬ್ಬರು ಅಂಪೈರರ ಮಾತು ಬೇರೆಯಾದರೆ ರೆಫರಿಯದೇ ಕೊನೆಯ ತೀರ್ಪು. ಎಲ್ಲರೂ ಅಣವೀರಪ್ಪ ಮಾಸ್ತರ ಕಡೆ ನೋಡಿದರು. ಅವರು ಅವಳ ಹಿಂದೆಯೇ, ಗೆರೆಯ ತುದಿಯಲ್ಲಿ ನಿಂತಿದ್ದರು. ಜನರನ್ನು ನೋಡಿದರು. ಖಂಡೆಪ್ಪನನ್ನು ನೋಡಿದರು. ಅವಳನ್ನು ಮಾತ್ರ ನೋಡಲಿಲ್ಲ.

"ದಮ್ಮ ಇತ್ತು. ಎರಡು ಪಾಯಿಂಟ್, ಕೋಟನೂರ," ಅಂದರು.

ಊರಿನವರು ಖಂಡೆಪ್ಪನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಕಸ್ತೂರಿಬಾಯಿ ಬಸ್ಸಿಗಾಗಿ ರಸ್ತೆಗೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಮಾಸ್ತರು ಸೈಕಲ್ ತಳ್ಳಿಕೊಂಡು ಬಂದರು.

"ನಂಗೂ ಕೇಳಿಸ್ತು, ಕಸ್ತೂರಿ," ಅಂದರು ಮೆಲ್ಲಗೆ.

ಅವಳು ನಂಬದವಳಂತೆ ಅವರ ಮುಖ ನೋಡಿದಳು. "ಮತ್ಯಾಕ್ರಿ ಸರ?"

"ಆ ಮಂದಿ ನೋಡಿದ್ಯಲ್ಲ. ನಿನಗ ಏನರ ಮಾಡಿದ್ರ ನಾ ಯಾರಿಗಿ ಉತ್ತರ ಹೇಳ್ಲಿ?"

"ನನಗ ಏನ್ ಆಗೂದಿತ್ತೋ ಅದು ಆಗ್ತಿತ್ರಿ. ಈಗ ನೀವು ಎಲ್ಲರ ಮುಂದ ನನ್ನ ಕಿವಿ ಸುಳ್ಳ ಅಂದ್ರಿ. ಅದ್ರಕಿಂತ ಇನ್ನೇನ್ ಆಗ್ಬೇಕು?"

ಬಸ್ಸು ಬಂತು, ಅವಳು ಹತ್ತಿದಳು.

ಅದಾದ ಮೇಲೆ ಗಂಡಸರ ಪಂದ್ಯಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಆ ಬಾಯಿಯ ಕಿವಿ ಬರೋಬ್ಬರಿ ಇಲ್ಲ ಎಂಬ ಮಾತು ಮಂಡಳಿಯಲ್ಲಿ ಉಳಿದುಬಿಟ್ಟಿತು. ಕ್ರಮೇಣ ಹುಡುಗಿಯರ ಪಂದ್ಯಕ್ಕೂ ಕರೆಯುವುದು ಕಡಿಮೆಯಾಯಿತು. ಪ್ರತಿ ಜನವರಿಯಲ್ಲಿ ಕಾರ್ಡು ನವೀಕರಿಸಲು ಅವಳು ಅರ್ಜಿ ಕಳಿಸುತ್ತಿದ್ದಳು. ಕಾರ್ಡು ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ಅವಳೂ ಮಂಡಳಿಯ ಕಡೆ ಮುಖ ಹಾಕುವುದನ್ನು ಬಿಟ್ಟಳು. ಮಾಸ್ತರು ಎಲ್ಲಾದರೂ ಎದುರಾದರೆ ನಮಸ್ಕಾರ ಮಾಡುತ್ತಿದ್ದಳು. ಅವರೂ ಮಾಡುತ್ತಿದ್ದರು. ಅಷ್ಟೇ.

ಶಾಲೆಯಲ್ಲಿ ಸಂಜೆ ನಾಲ್ಕೂವರೆಗೆ ಹುಡುಗಿಯರು ಮೈದಾನಕ್ಕೆ ಬರುತ್ತಿದ್ದರು. ನಿಯಮದಂತೆ ಹೆಣ್ಣುಮಕ್ಕಳ ಅಂಗಳ ಚಿಕ್ಕದು, ಆಟದ ಹೊತ್ತೂ ಕಡಿಮೆ. ಅವಳು ಮಾತ್ರ ಸುಣ್ಣದಲ್ಲಿ ಗಂಡಸರ ಅಳತೆಯ ಅಂಗಳವನ್ನೇ ಹಾಕುತ್ತಿದ್ದಳು. "ದೊಡ್ಡದ್ರಾಗ ಆಡೂದು ಕಲೀರಿ. ಸಣ್ಣದ್ರಾಗ ಹ್ಯಾಂಗೂ ಆಡ್ತೀರಿ," ಎನ್ನುತ್ತಿದ್ದಳು. ಹುಡುಗಿಯರು ಏದುಸಿರು ಬಿಡುತ್ತಾ ನಗುತ್ತಿದ್ದರು. ಅವಳು ಅವರನ್ನು ಎರಡು ವರ್ಷ ತಿದ್ದಿ ಒಂದು ತಂಡ ಮಾಡುವಷ್ಟರಲ್ಲಿ ಹತ್ತನೆಯ ತರಗತಿ ಮುಗಿದು ಅವರು ಹೋಗಿಬಿಡುತ್ತಿದ್ದರು. ಜೂನಿನಲ್ಲಿ ಮತ್ತೆ ಗೆರೆ ಎಂದರೇನು ಎಂಬಲ್ಲಿಂದ ಶುರು. ಆರು ಗಂಟೆಗೆ ಮೈದಾನ ಖಾಲಿಯಾದ ಮೇಲೆ ಅವಳಿಗೆ ಮನೆಗೆ ಹೋಗುವ ಅವಸರವೇನೂ ಇರುತ್ತಿರಲಿಲ್ಲ. ಮನೆಯಲ್ಲಿ ಒಂದು ರೇಡಿಯೋ ಇತ್ತು. ಕೇಳುವುದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಎಂದು ಅದನ್ನು ಹಚ್ಚಿಡುತ್ತಿದ್ದಳು.

ಬಂದವರಲ್ಲಿ ಮುನೀರಾ ಒಬ್ಬಳು ಬೇರೆ ಇದ್ದಳು. ಹನ್ನೆರಡು ವರ್ಷದ ಹುಡುಗಿ, ಕಬಡ್ಡಿ ಎಂದರೆ ಜೀವ. ಕತ್ತಲಾಗುವ ಮುಂಚೆ ಮಗಳು ಮನೆ ಸೇರಬೇಕು ಎಂದು ಅವಳ ತಾಯಿ ಹಟ ಹಿಡಿದಾಗ, ಕಸ್ತೂರಿಬಾಯಿ ತಾನೇ ದಿನಾ ಕರೆದುಕೊಂಡು ಬಂದು ಬಿಡುತ್ತೇನೆ ಎಂದು ಮಾತು ಕೊಟ್ಟಳು. ಮೂರು ವರ್ಷ ತಪ್ಪದೆ ಆ ಓಣಿಯ ತನಕ ನಡೆದಳು. ದಾರಿಯುದ್ದಕ್ಕೂ ಮುನೀರಾ ಮಾತಾಡುತ್ತಿದ್ದಳು. ಅವಳು ಕಾಲೇಜಿಗೆಂದು ಕಲಬುರಗಿಗೆ ಹೋದ ವರ್ಷ ಆ ನಡಿಗೆಯೂ ನಿಂತಿತು.

೧೯೯೮ರಲ್ಲಿ ಒಂದು ದಿನ ಶಿಕ್ಷಕರ ಸಭೆಗೆಂದು ಅವಳು ಕಲಬುರಗಿ ಬಸ್ಸು ಹತ್ತಿದಳು. ಮಧ್ಯಾಹ್ನದ ಬಸ್ಸು, ಜನ ಕಡಿಮೆ. ಟಿಕೆಟ್ಟು ಕೊಟ್ಟು ಮುಗಿಸಿದ ಕಂಡಕ್ಟರ್ ಬಂದು ಅವಳ ಎದುರಿನ ಸೀಟಿನ ಕಂಬಿ ಹಿಡಿದು ನಿಂತ.

"ಬಾಯಾರ, ನನ್ನ ಗುರ್ತ ಸಿಕ್ತೇನ್ರಿ?"

ಮೈ ತುಂಬಿಕೊಂಡಿತ್ತು, ಮೀಸೆ ಬಂದಿತ್ತು. ಆದರೂ ಅವಳಿಗೆ ತಿಳಿಯಿತು. "ಖಂಡೆಪ್ಪ."

"ಹೌದ್ರಿ. ಎರಡ ವರ್ಷ ಆತು ಇದೇ ರೂಟಿನ್ಯಾಗ ಅದೀನಿ. ನೀವು ಹತ್ತಿದಾಗೆಲ್ಲ ಮಾರಿ ಕೆಳಗ ಹಾಕಿ ಟಿಕೀಟ ಕೊಟ್ಟ ಹೋಗ್ತಿದ್ದೆ." ಅವನು ಕೈಯಲ್ಲಿದ್ದ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡ. "ಅವತ್ತ ನನ್ನ ದಮ್ಮ ಹೋಗಿತ್ರಿ. ಆ ಸೇಡಂದವ ಕಾಲ ಹಿಡದಾಗ ಹೋಯ್ತು. ನೀವು ಹೇಳಿದ್ದ ಖರೆ ಇತ್ತು."

ಕಸ್ತೂರಿಬಾಯಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ನೋಡುತ್ತಾ ಕೇಳಿದಳು: "ಇದನ್ನ ಮಂಡಳಿಯವರ ಮುಂದ ಬಂದು ಹೇಳ್ತೀಯೇನು?"

ಅವನು ಹಿಂದಿನ ಸೀಟುಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಆ ಕಪ್ಪಿನ ಮ್ಯಾಲ, ಆಟದ ಕೋಟಾದಾಗ ಈ ನೌಕರಿ ಸಿಕ್ಕದ್ರಿ. ಹೆಂಡ್ತಿ, ಮಕ್ಕಳು ಅದಾರ. ಈಗ ಹೋಗಿ ಸುಳ್ಳ ಗೆದ್ದಿದ್ದೆ ಅಂದ್ರ..."

"ಬ್ಯಾಡ ಬಿಡಪ್ಪ."

"ಬಾಯಾರ, ಸಿಟ್ಟಿಗಿ ಬರಬ್ಯಾಡ್ರಿ."

"ಸಿಟ್ಟಿಲ್ಲ. ಹೋಗು, ಯಾರೋ ಕೈ ಮಾಡಾಕತ್ತಾರ, ಬಸ್ ನಿಂದರ್ಸು."

ಸಭೆಯಲ್ಲಿ ಆ ದಿನ ಏನು ಮಾತಾಡಿದರು ಎನ್ನುವುದು ಅವಳ ತಲೆಗೆ ಹೋಗಲಿಲ್ಲ. ನಿಜ ಗೊತ್ತಿದ್ದವರು ಈಗ ಇಬ್ಬರಾದರು. ಇಬ್ಬರೂ ಅವಳೊಬ್ಬಳೇ ಇದ್ದಾಗ ಬಂದು ಹೇಳಿದ್ದರು. ಮಾಸ್ತರು ಸಮಾಧಾನಕ್ಕೆ ಹಾಗಂದರೇನೋ, ತನಗೇ ತಪ್ಪಿ ಕೇಳಿಸಿತೇನೋ ಎಂಬ ಸಣ್ಣ ಅನುಮಾನವೊಂದು ಏಳು ವರ್ಷ ಅವಳ ಜೊತೆಗಿತ್ತು. ಅನುಮಾನ ಹೋದ ಮೇಲೆ ಇನ್ನಷ್ಟು ಒಂಟಿ ಅನ್ನಿಸಿತು.

೨೦೦೧ರಲ್ಲಿ ಅಣವೀರಪ್ಪ ಮಾಸ್ತರು ತೀರಿಕೊಂಡರು. ಅವಳಿಗೆ ಸುದ್ದಿ ತಿಳಿದದ್ದು ವಾರದ ನಂತರ. ಹೋಗಬೇಕು ಅಂದುಕೊಂಡಳು. ಹೋಗಿ ಏನು ಹೇಳುವುದು ಎಂದು ತೋಚದೆ ಒಂದು ವಾರ ಕಳೆಯಿತು. ಆಮೇಲೆ ಒಂದು ತಿಂಗಳು. ಆಮೇಲೆ ಹೋಗುವ ಮುಖವೇ ಉಳಿಯಲಿಲ್ಲ.

೨೦೦೪ರ ನವೆಂಬರಿನಲ್ಲಿ ಶಾಲೆಯ ವಿಳಾಸಕ್ಕೆ ಒಂದು ಕಾಗದ ಬಂತು. ಮಂಡಳಿಗೆ ಹೊಸ ಕಾರ್ಯದರ್ಶಿ ಬಂದಿದ್ದರು. ಇನ್ನು ಮುಂದೆ ಗಂಡಸರ ಪಂದ್ಯಗಳಲ್ಲೂ ಮಹಿಳಾ ರೆಫರಿಗಳು ಇರತಕ್ಕದ್ದು ಎಂದು ಮೇಲಿನಿಂದ ಆದೇಶವಾಗಿತ್ತು. ಜಿಲ್ಲೆಯ ಪಟ್ಟಿಯಲ್ಲಿ ಹುಡುಕಿದಾಗ ಹದಿನಾರು ವರ್ಷದಿಂದ ತಪ್ಪದೆ ಕಾರ್ಡು ನವೀಕರಿಸಿದ ಒಂದು ಹೆಸರು ಸಿಕ್ಕಿತ್ತು. ಶನಿವಾರ ಕಲಬುರಗಿಯಲ್ಲಿ ಗಂಡಸರ ಜಿಲ್ಲಾ ಫೈನಲ್. ರೆಫರಿ, ಕಸ್ತೂರಿಬಾಯಿ. ಅಂಪೈರರಲ್ಲಿ ಒಬ್ಬಳು ಮುನೀರಾ. ಅವಳು ಈಗ ನಗರದಲ್ಲೇ ದೈಹಿಕ ಶಿಕ್ಷಕಿಯಾಗಿದ್ದಳು.

ಆ ರಾತ್ರಿ ಕಸ್ತೂರಿಬಾಯಿ ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ತನಕ ಓದಿದಳು. ಎಲ್ಲ ಬಾಯಿಪಾಠವೇ ಇತ್ತು. ಆದರೂ ಓದಿದಳು.

ಪಂದ್ಯ ಮಾತ್ರ ಏನೂ ವಿಶೇಷವಿಲ್ಲದೆ ಮುಗಿದುಹೋಯಿತು. ಯಾರೂ ಕೂಗಲಿಲ್ಲ. ಒಮ್ಮೆ ಒಬ್ಬ ಹುಡುಗನ ಹಿಮ್ಮಡಿ ಬದಿಯ ಗೆರೆ ದಾಟಿದ್ದಕ್ಕೆ ಅವಳು ಔಟ್ ಕೊಟ್ಟಳು. ಅವನು ತಲೆ ಕೆರೆದುಕೊಂಡು ಹೊರಗೆ ಹೋಗಿ ಕೂತ. ಕೊನೆಗೆ ಎರಡೂ ತಂಡದ ನಾಯಕರು ಕೈ ಕುಲುಕಿ, "ಥ್ಯಾಂಕ್ಸ್ ಮೇಡಂ," ಎಂದು ತಮ್ಮ ತಮ್ಮ ಚೀಲ ಎತ್ತಿಕೊಂಡು ನಡೆದರು. ಅವರಿಗೆಲ್ಲ ಇಪ್ಪತ್ತರ ಆಸುಪಾಸು. ಕೋಟನೂರಿನ ದಿನ ಅವರು ಆಗಷ್ಟೇ ಶಾಲೆಗೆ ಹೋಗತೊಡಗಿದ್ದ ಸಣ್ಣ ಹುಡುಗರು.

ಹಾಳೆಗೆ ಸಹಿ ಹಾಕುವಾಗ ಮುನೀರಾ ಬಂದು ಪಕ್ಕ ನಿಂತಳು. "ಮೇಡಂ, ಮೊದಲ ನಿಮಗ ಗಂಡಸರ ಮ್ಯಾಚ್ ಕೊಡ್ತಿರಲಿಲ್ಲಂತ, ಖರೇನ್ರಿ?"

"ಹೌದವಾ. ಒಂದ ಸಲ ಕೊಟ್ಟಿದ್ರು. ಕೋಟನೂರದಾಗ..."

"ಎಂಥಾ ಮಂದಿ ಇದ್ರೋ ಏನೋ," ಎಂದು ಮುನೀರಾ ನಕ್ಕಳು. ಆಟೋದಲ್ಲಿ ಕೂತ ಗೆಳತಿ ಕರೆದಳು. "ಬರ್ತೀನ್ರಿ ಮೇಡಂ, ನಾಳೆ ಫೋನ್ ಮಾಡ್ತೀನಿ," ಎಂದು ಓಡಿದಳು. ಕಸ್ತೂರಿಬಾಯಿಗೆ ಅವಳ ಮೇಲೆ ಬೇಸರವಾಗಲಿಲ್ಲ. ಆ ಹುಡುಗಿಗೆ ಇದೊಂದು ದೊಡ್ಡ ಸಂಗತಿಯೇ ಅಲ್ಲದಿರುವುದು ಒಳ್ಳೆಯದೇ. ಆದರೆ ತನಗೆ ಇದು ಎಷ್ಟು ದೊಡ್ಡದು ಎಂದು ತಿಳಿದವರು ಒಬ್ಬರಾದರೂ ಇರಬೇಕಿತ್ತು ಅನ್ನಿಸಿತು. ಬಸ್ ನಿಲ್ದಾಣದ ಕಡೆ ಹೊರಟವಳು ನಡುವೆ ನಿಂತು, ಸೇಡಂ ರಸ್ತೆಯ ಆಟೋ ಹಿಡಿದಳು.

ಬಾಗಿಲು ತೆರೆದವರು ಮಾಸ್ತರ ಹೆಂಡತಿ ಶಿವಕಾಂತಮ್ಮ. ಹಣೆಯ ಮೇಲೆ ವಿಭೂತಿ, ಕಣ್ಣಿಗೆ ದಪ್ಪ ಕನ್ನಡಕ. ಹತ್ತಿರ ಬಂದು ನೋಡಿದರು. "ಕಮಲಾಪುರದ ಕಸ್ತೂರಿ ಏನು? ಬಾ ಒಳಗ. ಎಷ್ಟ ವರ್ಷ ಆತವಾ."

"ಸರ ಹೋದಾಗ ಬರಾಕ ಆಗ್ಲಿಲ್ರಿ," ಅಂದಳು. "ಇವತ್ತ ಗಂಡಸರ ಫೈನಲ್ ನಡಸಿದೆ. ಅದನ್ನ ಹೇಳ್ಬೇಕು ಅನ್ನಿಸ್ತು. ಕೋಟನೂರದ ಮ್ಯಾಚಿನ ಸುದ್ದಿ ಸರ ನಿಮ್ಮ ಮುಂದ ಹೇಳಿರಬೇಕಲ್ರಿ?"

"ಇಲ್ಲವಾ. ಆಟದ ಸುದ್ದಿ ಅವರು ಮನ್ಯಾಗ ತೆಗೀತಿರಲಿಲ್ಲ." ಶಿವಕಾಂತಮ್ಮ ನೆನಪು ಮಾಡಿಕೊಂಡರು. "ಕೋಟನೂರದಿಂದ ಬಂದ ಮ್ಯಾಲ ಮತ್ತ ಸೀಟಿ ಹಿಡೀಲಿಲ್ಲ ನೋಡು. ಅವತ್ತೇ ಕೊನೀದು. ಮಂಡಳಿಯವರು ಎಷ್ಟ ಸಲ ಬಂದ್ರೂ, ಮಂಡಿ ನೋವು, ಆಗೂದಿಲ್ಲ ಅಂತ ಕಳಿಸಿಬಿಟ್ರು. ಎಂಥಾ ಮಂಡಿ ನೋವೋ! ಸಾಯೂತನಕ ದಿನಾ ಮುಂಜಾನಿ ಸ್ಟೇಶನ್ ಬಜಾರ ತನಕ ನಡಕೊಂಡ ಹೋಗಿ ಪೇಪರ್ ತರ್ತಿದ್ರು."

ಮಾಸ್ತರು ನಿವೃತ್ತರಾದರೆಂದು ಕಸ್ತೂರಿಬಾಯಿಗೆ ಯಾರೋ ಹೇಳಿದ್ದರು. ಯಾವಾಗ, ಏಕೆ ಎಂದು ಅವಳು ಕೇಳಿರಲಿಲ್ಲ. ಹತ್ತು ವರ್ಷ ಅವಳು ಕಮಲಾಪುರದಲ್ಲಿ, ಅವರು ಸೇಡಂ ರಸ್ತೆಯಲ್ಲಿ, ಒಂದೇ ಮಾತನ್ನು ಎದೆಯಲ್ಲಿಟ್ಟುಕೊಂಡು ಕೂತಿದ್ದರು. ನಡುವೆ ಒಂದು ಗಂಟೆಯ ಬಸ್ಸಿನ ದಾರಿ. ಒಂದು ಪೋಸ್ಟ್ ಕಾರ್ಡು ಬರೆದಿದ್ದರೆ ಸಾಕಿತ್ತು. ಯಾರು ಬರೆಯಬೇಕಿತ್ತು ಎನ್ನುವುದರಲ್ಲಿ ಅವಳಿಗೆ ಈಗಲೂ ಅನುಮಾನವಿರಲಿಲ್ಲ. ಅವರೇ ಬರೆಯಬೇಕಿತ್ತು. ಆದರೂ ಎಷ್ಟೋ ವರ್ಷದಿಂದ ಒಳಗೆ ಗಟ್ಟಿಯಾಗಿ ನಿಂತಿದ್ದು ಏನೋ ಸ್ವಲ್ಪ ಸಡಿಲವಾಯಿತು.

ಅವಳು ಕೋಟನೂರಿನ ಕತೆಯನ್ನು ಮೊದಲಿನಿಂದ ಹೇಳಿದಳು. ಖಂಡೆಪ್ಪ ಬಸ್ಸಿನಲ್ಲಿ ಹೇಳಿದ್ದನ್ನೂ ಹೇಳಿದಳು. ಹದಿಮೂರು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಶಿವಕಾಂತಮ್ಮ ಪೂರ್ತಿ ಕೇಳಿದರು. ಕೊನೆಗೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ತಪ್ಪ ಮಾಡಿದ್ರು," ಅಂದರು.

"ಹೌದ್ರಿ."

"ಇವತ್ತ ಯಾರೂ ಜಗಳ ತೆಗೀಲಿಲ್ಲೇನು?"

"ಇಲ್ರಿ. ಯಾರೂ ಏನೂ ಅನ್ಲಿಲ್ಲ."

"ನಾಳೆ ಐತವಾರ, ಸಾಲಿ ಇಲ್ಲ. ಇವತ್ತ ಇಲ್ಲೇ ಇರು," ಎನ್ನುತ್ತಾ ಶಿವಕಾಂತಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಒಲೆ ಹೊತ್ತಿದ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ತಾಟು ಹಾಕಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಬದಿಗೆ ಪುಂಡಿ ಪಲ್ಯ ಇಟ್ಟು, ತಾವೂ ಎದುರಿಗೆ ಕೂತರು. ಬಡಿಸುವವರೊಬ್ಬರು ಹೀಗೆ ಎದುರಿಗೆ ಕೂತಿರಲು ಊಟ ಮಾಡಿ ಕಸ್ತೂರಿಬಾಯಿಗೆ ಬಹಳ ವರ್ಷವಾಗಿತ್ತು. ಎರಡನೆಯ ರೊಟ್ಟಿ ಬಂದಾಗ ಅವಳು ಬೇಡ ಅನ್ನಲಿಲ್ಲ.